ತ್ಯಾಗರಾಜರನ್ನು ಫೇಲು ಮಾಡಿಸಿದ್ದು

ವಾಷಿಂಗ್ಟನ್ನಿನ ಸುತ್ತಮುತ್ತಲಿನ ಕನ್ನಡದವರಿಗೆ ಆ ಕಾಲದಲ್ಲಿ ದಾರಿ ತಪ್ಪಿದರೆ ದೇವರಿಗಿಂತ ಮೊದಲು ನೆನಪಾಗುತ್ತಿದ್ದವರು ರೆಸ್ಟನ್ನಿನ ತ್ಯಾಗರಾಜರು. ಟೆಲಿಫೋನ್ ಕಂಪನಿಯೊಂದಕ್ಕೆ ನೆಲದೊಳಗಿನ ಕೇಬಲ್ಲುಗಳ ನಕ್ಷೆ ಬರೆಯುವುದು ಅವರ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಬರೆದೂ ಬರೆದೂ ವರ್ಜೀನಿಯಾ, ಮೇರಿಲ್ಯಾಂಡಿನ ರಸ್ತೆಗಳೆಲ್ಲ ಅವರಿಗೆ ಅಂಗೈ ಗೆರೆಯಾಗಿದ್ದವು. ಲ್ಯಾನ್‌ಹ್ಯಾಮಿನ ದೇವಸ್ಥಾನಕ್ಕೆ ಮಗುವಿನ ನಾಮಕರಣಕ್ಕೆಂದು ಹೊರಟವರು, ಏರ್‌ಪೋರ್ಟಿನಿಂದ ಅತ್ತೆಯನ್ನು ಕರೆತರಲು ಹೊರಟವರು, ಎಲ್ಲರೂ ದಾರಿಯಲ್ಲಿ ಗ್ಯಾಸ್ ಸ್ಟೇಷನ್ನಿನ ಫೋನಿಗೆ ಕಾಸು ಹಾಕಿ ಇವರನ್ನೇ ಕೇಳುವರು. ತ್ಯಾಗರಾಜರು ಸಾರನ್ನ ಕಲಸಿದ ಕೈಯನ್ನು ಹಾಗೇ ಮೇಲೆತ್ತಿ ಹಿಡಿದು, ರಿಸೀವರನ್ನು ಕೆನ್ನೆಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, "ಎದುರುಗಡೆ ಏನು ಕಾಣ್ತಿದೆ ಹೇಳಿ. ಹಾಸಿಗೆ ಅಂಗಡೀನಾ? ಹಾಗಾದ್ರೆ ನೀವು ಎರಡು ಎಕ್ಸಿಟ್ ಮುಂದೆ ಬಂದ್ಬಿಟ್ಟಿದ್ದೀರಿ, ತಿರುಗಿಸ್ಕೊಳ್ಳಿ" ಎನ್ನುವರು. ಕೈಯಲ್ಲಿನ ಅನ್ನ ಒಣಗುವುದು, ಅವರ ಮುಖ ಅರಳುವುದು.

ಇಂಥವರ ಹೆಂಡತಿ ರಾಜಲಕ್ಷ್ಮಿ. ಮೈಸೂರಿನ ಅಗ್ರಹಾರದಲ್ಲಿ ಎಂಟನೇ ಕ್ಲಾಸಿನವರೆಗೆ ಓದಿ, ಮದುವೆಯಾಗಿ, ಗಂಡನ ಹಿಂದೆ ಅಮೆರಿಕಕ್ಕೆ ಬಂದವಳು. ಅವರು ಕಾರಿನಲ್ಲಿ ಕೂರಿಸಿಕೊಂಡು ಹೋದಲ್ಲಿಗೆ ಹೋಗಿ, ಕರೆತಂದಲ್ಲಿಗೆ ಬಂದು, ಅಷ್ಟು ವರ್ಷದಲ್ಲಿ ಅವಳಿಗೆ ಸ್ವಂತವಾಗಿ ಗೊತ್ತಿದ್ದ ದಾರಿಯೆಂದರೆ ಮನೆಯಿಂದ ದಿನಸಿ ಅಂಗಡಿಗೆ ಮಾತ್ರ. "ನೀನು ದಾರಿ ಕಲ್ತು ಏನು ಮಾಡ್ತೀಯೆ, ನಾನಿಲ್ವಾ?" ಎನ್ನುತ್ತಿದ್ದರು ಅವರು. ಇದ್ದರಲ್ಲ, ಅವಳೂ ಸುಮ್ಮನಿದ್ದಳು.

ತೊಂಬತ್ತಾರನೇ ಇಸವಿ ಜೂನಿನಲ್ಲಿ ಮಂಗಳೂರಿನಲ್ಲಿ ತ್ಯಾಗರಾಜರ ತಮ್ಮನ ಮಗಳ ಮದುವೆ. ಹೊರಡುವ ಮುಂಚೆ ರೆಸ್ಟನ್ನಿನ ಡಾಕ್ಟರು ಮಲೇರಿಯಾ ಬಾರದಿರಲು ಮಾತ್ರೆ ಬರೆದುಕೊಟ್ಟರು. ತ್ಯಾಗರಾಜರಿಗೆ ಅದು ಅವಮಾನದ ಹಾಗೆ ಕಂಡಿತು.

"ನಮ್ಮೂರ ಸೊಳ್ಳೆಗೆ ನಾವು ಮಾತ್ರೆ ನುಂಗೋದೇನೇ? ಹುಟ್ಟಿದಾಗ್ಲಿಂದ ಕಚ್ಚಿಸ್ಕೊಂಡು ಬೆಳೆದಿದ್ದೀನಿ. ನನ್ನ ಗುರುತು ಇರತ್ತೆ ಅದಕ್ಕೆ."

ಗುರುತು ಇರಲಿಲ್ಲ. ಊರು ಬಿಟ್ಟವನನ್ನು ಊರಿನ ಸೊಳ್ಳೆ ಪರದೇಶಿಯೆಂದೇ ಎಣಿಸಿತು. ಛತ್ರದಲ್ಲಿ ಜಾಗ ಸಾಲದೆ ಗಂಡಿನ ಕಡೆಯವರಿಗೆ ಕೋಣೆ ಬಿಟ್ಟುಕೊಟ್ಟು, ತ್ಯಾಗರಾಜರು ಪಂಚೆ ಹೊದ್ದು ತಾರಸಿಯ ಮೇಲಿನ ಶೀಟಿನ ಚಪ್ಪರದಡಿ ಮಲಗಿದರು. ಪಕ್ಕದಲ್ಲೇ ಅರ್ಧ ಕಟ್ಟಿದ ಕಟ್ಟಡ, ಅದರ ತೊಟ್ಟಿಯಲ್ಲಿ ನಿಂತ ನೀರು. ವಾಪಸು ಬಂದು ಹನ್ನೆರಡು ದಿನಕ್ಕೆ ಜ್ವರ ಏರಿತು. ಹತ್ತಿರದ ಕ್ಲಿನಿಕ್ಕಿನಲ್ಲಿ ಫ್ಲೂ ಎಂದರು. ನೀರು ಕುಡಿಯಿರಿ, ಮಲಗಿರಿ ಎಂದರು. ನಾಲ್ಕನೆಯ ದಿನ ಮೊಸರನ್ನದ ತಟ್ಟೆಯ ಮುಂದೆ ಕೂತವರು ರಾಜಲಕ್ಷ್ಮಿಯನ್ನು ನೋಡಿ, "ಅಮ್ಮ, ಈ ಮನೆಯವರು ಎಲ್ಲಿ, ಹೇಳ್ತೀರಾ?" ಎಂದು ಬಹುವಚನದಲ್ಲಿ ವಿಚಾರಿಸಿದರು. ಉತ್ತರ ಹೇಳುವಷ್ಟರಲ್ಲಿ ಕಣ್ಣು ಮೇಲೆ ಸಿಕ್ಕಿ, ಕೈಕಾಲು ಸೆಟೆದು ಕುರ್ಚಿಯಿಂದ ಜಾರಿದರು.

ಆಸ್ಪತ್ರೆಯಲ್ಲಿ ಮೂರು ದಿನ ಪ್ರಜ್ಞೆ ಇರಲಿಲ್ಲ. ಕಾಯಿಲೆ ಗುರುತಿಸಿದವರು ಘಾನಾ ದೇಶದಿಂದ ಬಂದಿದ್ದ ಡಾಕ್ಟರ್ ಮೆನ್ಸಾ ಎಂಬ ಹೆಂಗಸು. ಮಲೇರಿಯಾವನ್ನು ಮನೆಯ ನೆಂಟನ ಹಾಗೆ ಕಂಡು ಬೆಳೆದವರು. ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ ನೋಡಿ ಒಂದೇ ಮಾತು ಹೇಳಿದರಂತೆ: ಫ್ಲೂ ಎಂದವರನ್ನು ಕರೆಯಿರಿ, ಬಂದು ನೋಡಲಿ. ಆಮೇಲೆ ಹೃದಯಕ್ಕೆ ಯಂತ್ರ ಜೋಡಿಸಿಟ್ಟು, ನರದೊಳಕ್ಕೆ ಹನಿಹನಿಯಾಗಿ ಔಷಧಿ ಬಿಟ್ಟರು.

ರಾಜಲಕ್ಷ್ಮಿಯ ಪಕ್ಕ ಆ ಮೂರು ದಿನವೂ ಕೂತಿದ್ದವರು ಹಫೀಜುಲ್ಲಾ. ಮೈಸೂರಿನ ಮಂಡಿ ಮೊಹಲ್ಲಾದವರು, ತ್ಯಾಗರಾಜರ ಹೈಸ್ಕೂಲು ಜೊತೆಗಾರ, ಈಗ ಇಲ್ಲೇ ಕಂಪ್ಯೂಟರ್ ಕೆಲಸ. ಡಾಕ್ಟರು ಹೇಳಿದ್ದನ್ನು ಅವರು ಕನ್ನಡಕ್ಕೆ ಇಳಿಸುತ್ತಿದ್ದರು.

"ಅಕ್ಕ, ಆ ಹುಳ ರಕ್ತದ ಕೆಂಪು ಕಣದೊಳಗೆ ಹೊಕ್ಕೊಂಡು, ಕಣದ ಮೈಮೇಲೆ ಸಣ್ಣಸಣ್ಣ ಗಂಟು ಏಳಿಸತ್ತಂತೆ. ಗಂಟೆದ್ದ ಕಣ ಮೆದುಳಿನ ಕೂದಲೆಳೆಯಂಥ ನಾಳದ ಗೋಡೆಗೆ ಗಪ್ಪಂತ ಅಂಟ್ಕೊಳ್ಳತ್ತೆ. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಬೆಲ್ಟ್‌ವೇಲಿ ಸಂಜೆ ಐದು ಗಂಟೆಗೆ ಜಾಮ್ ಆಗತ್ತಲ್ಲ, ಹಾಗೆ. ಮುಂದಿನೋರಿಗೆ ಉಸಿರೂ ಇಲ್ಲ, ಸಕ್ಕರೆಯೂ ಇಲ್ಲ. ಮೆದುಳು ಊದ್ಕೊಳ್ಳತ್ತೆ. ಬುರುಡೆ ಒಳಗೆ ಊದೋಕೆ ಜಾಗ ಎಲ್ಲಿದೆ ಹೇಳಿ?"

ಬೆಲ್ಟ್‌ವೇ ಎಂದರೆ, ವಾಷಿಂಗ್ಟನ್ನನ್ನು ಸುತ್ತುವ ಆ ಹೆದ್ದಾರಿ, ರಾಜಲಕ್ಷ್ಮಿಗೆ ಕಾರಿನ ಕಿಟಕಿಯಿಂದ ಕಂಡದ್ದಷ್ಟೇ. ಅವಳಿಗೆ ತಿಳಿದದ್ದು ಬೇರೆ ಲೆಕ್ಕದಲ್ಲಿ: ಸಿಂಕಿಗೆ ಸಬ್ಬಕ್ಕಿ ಗಂಜಿ ಸುರಿದುಬಿಟ್ಟಿದ್ದಾರೆ, ಕೊಳವೆಯ ಗೋಡೆಗೆಲ್ಲ ಕಾಳು ಅಂಟಿಕೊಂಡಿದೆ.

"ಕೊಳವೆ ಬಿಡಿಸಿದರಂತಾ?"

ಹಫೀಜುಲ್ಲಾ ಅವಳ ಪ್ರಶ್ನೆಯನ್ನೇ ಇಂಗ್ಲಿಷಿನಲ್ಲಿ ಕೇಳಿದರು. ಡಾಕ್ಟರ್ ಮೆನ್ಸಾ ತಲೆಯಾಡಿಸಿ, ಬಿಡಿಸಿದ್ದೇವೆ, ಆದರೆ ನೀರು ನಿಂತ ಕಡೆ ಗೋಡೆ ನೆನೆದಿದೆ, ಎಲ್ಲೆಲ್ಲಿ ಎಂಬುದು ಎದ್ದ ಮೇಲೆ ತಿಳಿಯುತ್ತದೆ ಎಂದರು.

ನಾಲ್ಕನೆಯ ದಿನ ಬೆಳಿಗ್ಗೆ ತ್ಯಾಗರಾಜರು ಎದ್ದರು. ಹೆಂಡತಿಯ ಗುರುತು ಸಿಕ್ಕಿತು. ಕಾಫಿ ಕೇಳಿದರು. ರಾಜಲಕ್ಷ್ಮಿ ಚಾಮುಂಡಿಗೆ ಮನಸ್ಸಿನಲ್ಲೇ ಒಂದು ಸೀರೆ ಹರಸಿಕೊಂಡಳು. ಅಷ್ಟರಲ್ಲಿ ಅವರು ಸುತ್ತ ನೋಡಿ, "ಅಲ್ವೇ ಲಕ್ಷ್ಮಿ, ನಮ್ಮ ದೊಡ್ಡಾಸ್ಪತ್ರೆಗೆ ಯಾವಾಗ ಏಸಿ ಹಾಕಿಸಿದ್ರು?" ಎಂದರು.

"ದೊಡ್ಡಾಸ್ಪತ್ರೆ ಎಲ್ರೀ? ಇದು ವರ್ಜೀನಿಯಾ."

"ಜ್ವರ ಬಂದಿದ್ದು ನಂಗೆ. ತಲೆ ಕೆಟ್ಟಿರೋದು ನಿಂಗೆ. ಮೈಸೂರಲ್ಲಿ ಕೂತ್ಕೊಂಡು ವರ್ಜೀನಿಯಾ ಅಂತಾಳೆ."

"ಈ ನರ್ಸಮ್ಮನ್ನ ನೋಡಿ. ಮೈಸೂರಿನೋಳ ಥರ ಇದಾಳಾ?"

ತ್ಯಾಗರಾಜರು ಹೊಂಬಣ್ಣದ ಕೂದಲಿನ ನರ್ಸನ್ನು ಕರುಣೆಯಿಂದ ನೋಡಿದರು. "ಪಾಪ, ದಸರಾ ನೋಡಕ್ಕೆ ಬಂದಿರೋ ಫಾರಿನ್ನೋರು. ಕೆಲಸಕ್ಕೂ ಹಚ್ಚಿಬಿಟ್ಟಿದ್ದಾರೆ."

"ದಸರಾ ಇನ್ನೂ ಮೂರು ತಿಂಗಳಿದೆಯಲ್ರೀ!"

"ಅದಕ್ಕೇ ಮುಂಚೆ ಬಂದಿದಾರೆ. ಆಮೇಲೆ ಲಾಡ್ಜ್ ಸಿಗಲ್ಲ."

ಕಿಟಕಿಯ ಹೊರಗೆ ಇನ್ನೂರು ಕಾರು ನಿಂತಿದ್ದವು. ಅದಕ್ಕೂ ಅವರ ಬಳಿ ಉತ್ತರವಿತ್ತು. ರಸ್ತೆಯ ಬಲಗಡೆ ಗಾಡಿಗಳು ಓಡುತ್ತಿದ್ದವು. ಅದು ಮುನಿಸಿಪಾಲಿಟಿಯ ಹೊಸ ಪ್ರಯೋಗ. ಎಲ್ಲಕ್ಕಿಂತ ಕಷ್ಟ ಹಫೀಜುಲ್ಲಾ ಅವರದ್ದು. ಅವರು ಒಳಗೆ ಬರುತ್ತಲೇ ತ್ಯಾಗರಾಜರು ಗೆದ್ದವರ ಹಾಗೆ, "ನೋಡೇ, ಹಫೀಜ್ ಬಂದ. ಮಂಡಿ ಮೊಹಲ್ಲಾದಿಂದ ಇಲ್ಲಿಗೆ ಸೈಕಲ್‌ನಲ್ಲಿ ಹತ್ತು ನಿಮಿಷ. ಇದು ಅಮೆರಿಕ ಆಗಿದ್ರೆ ಅವನು ಇಷ್ಟು ಬೇಗ ಬರ್ತಿದ್ನಾ?" ಎನ್ನುವರು. ಅಟ್ಲಾಂಟದಲ್ಲಿ ಓದುತ್ತಿದ್ದ ಮಗಳು ನಿಧಿ ಫೋನು ಮಾಡಿದರೆ, "ನಂಜನಗೂಡಿಂದ ಟ್ರಂಕಾಲ್ ಯಾಕೆ ಪುಟ್ಟಿ, ಬಸ್ ಹತ್ತಿ ಬಾ" ಎಂದು ಬುದ್ಧಿ ಹೇಳುವರು. ನಡೆದರೆ ಕುಡಿದವರ ಹಾಗೆ ಪಕ್ಕಕ್ಕೆ ವಾಲುವರು. ಲೋಟ ಹಿಡಿದರೆ ಕೈ ನಡುಗುವುದು. ಅದು ಅವರಿಗೂ ಗೊತ್ತಾಗುತ್ತಿತ್ತು. ಊರು ತಪ್ಪಿದ್ದು ಮಾತ್ರ ಗೊತ್ತಾಗುತ್ತಿರಲಿಲ್ಲ.

ಡಾಕ್ಟರ್ ಮೆನ್ಸಾ ತಲೆಯ ಚಿತ್ರ ತೆಗೆಸಿ ನೋಡಿದರು. ಬಲಗಡೆ ಮುಂಭಾಗದಲ್ಲಿ ಸಣ್ಣ ಚುಕ್ಕೆಗಳಿದ್ದವು. ಹಳೆಯ ನೆನಪು ಅಳಿಸಿಲ್ಲ, ಕಣ್ಣಿಗೆ ಕಂಡದ್ದನ್ನೂ ನೆನಪನ್ನೂ ತಾಳೆ ಹಾಕುವ ಕಡೆ ಪೆಟ್ಟಾಗಿದೆ ಎಂದರು. ರಿಹ್ಯಾಬ್ ಎಂಬ ಕಡೆ ಇಟ್ಟುಕೊಂಡು ನಡೆಯುವುದು, ಜಾಗ ಗುರುತಿಸುವುದು ಎಲ್ಲ ಮೊದಲಿನಿಂದ ಕಲಿಸುತ್ತಾರೆ; ಈಗಲೇ ಶುರುಮಾಡಿದರೆ ಬಹಳ ಮಟ್ಟಿಗೆ ಸರಿಹೋಗಬಹುದು, ಬಿಟ್ಟರೆ ಇದೇ ಗಟ್ಟಿಯಾಗಿ ಕೂತುಬಿಡಬಹುದು. ಸೋಮವಾರ ವಿಮೆ ಕಂಪನಿಯವರು ಬಂದು ಪರೀಕ್ಷೆ ಮಾಡಿ ತೀರ್ಮಾನ ಹೇಳುತ್ತಾರೆ. ಇಷ್ಟು ಹೇಳಿ ಡಾಕ್ಟರು ಒಂದು ವಾರದ ರಜೆಗೆ ಹೋದರು.

ಪರೀಕ್ಷೆ ಎಂಬ ಮಾತು ಬಿದ್ದದ್ದೇ ತಡ, ಗೋಪಿನಾಥನ ಕಿವಿ ನೆಟ್ಟಗಾಯಿತು.

ಗೋಪಿನಾಥ ತ್ಯಾಗರಾಜರ ಅಪಾರ್ಟ್‌ಮೆಂಟಿನ ಮೇಲಿನ ಮನೆಯ ಹುಡುಗ, ವೀಸಾದ ಮೇಲೆ ಬಂದ ಎಂಜಿನಿಯರ್. ಅದಕ್ಕೆ ಮುಂಚೆ ಎರಡು ವರ್ಷ ಜಯನಗರದ ಟ್ಯುಟೋರಿಯಲ್ಲಿನಲ್ಲಿ ಫೇಲಾದವರನ್ನು ಪಾಸು ಮಾಡಿಸುವ ಮೇಷ್ಟರಾಗಿದ್ದ. ಮನುಷ್ಯನ ಕಷ್ಟವೆಲ್ಲ ಪರೀಕ್ಷೆಯ ರೂಪದಲ್ಲೇ ಬರುತ್ತದೆ, ಎಲ್ಲ ಪರೀಕ್ಷೆಗೂ ಇಂಪಾರ್ಟೆಂಟ್ ಪ್ರಶ್ನೆಗಳಿರುತ್ತವೆ ಎಂಬುದು ಅವನ ನಂಬಿಕೆ. ಅವನೊಬ್ಬನದೇ ಏಕೆ? ಎಸ್ಸೆಸ್ಸೆಲ್ಸಿಯಿಂದ ಹಿಡಿದು ವೀಸಾ ಸಂದರ್ಶನ, ಡ್ರೈವಿಂಗ್ ಟೆಸ್ಟಿನವರೆಗೆ ಪಾಸಾಗಿ ಪಾಸಾಗಿಯೇ ಇಲ್ಲಿಗೆ ಬಂದು ಸೇರಿದ್ದ ಎಲ್ಲರ ನಂಬಿಕೆಯೂ ಅದೇ. ಪಾಸಾದರೆ ಮುಂದಕ್ಕೆ ಬಿಡುತ್ತಾರೆ, ಫೇಲಾದರೆ ಮನೆಗೆ. ಬೇರೆ ಥರ ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ.

"ಆಂಟಿ, ಕ್ವೆಶ್ಚನ್ ಪೇಪರ್ ನನ್ ಹತ್ರ ಇದೆ" ಎಂದ ಗೋಪಿನಾಥ, ಜೇಬಿನಿಂದ ಡೈರಿ ತೆಗೆದು. "ದಿನಾ ಬೆಳಿಗ್ಗೆ ನರ್ಸ್ ಕೇಳ್ತಾಳಲ್ಲ, ಅದೇ. ಬರ್ಕೊಂಡಿದ್ದೀನಿ. ಮೂವತ್ತು ಮಾರ್ಕ್ಸು. ಎರಡು ದಿನ ಕೊಡಿ ಅಂಕಲ್ಲನ್ನ, ರ‍್ಯಾಂಕ್ ಬರಿಸ್ತೀನಿ."

"ಅವರಿಗೆ ನಿನ್ನೆ ತಿಂದಿದ್ದೇ ನೆನಪಿರಲ್ಲ ಕಣೋ."

"ನೆನಪು ಯಾಕೆ ಬೇಕು ಆಂಟಿ? ಬಾಯಿಪಾಠ ಸಾಕು."

ಶನಿವಾರ, ಭಾನುವಾರ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ಟ್ಯುಟೋರಿಯಲ್ ನಡೆಯಿತು. ಹಫೀಜುಲ್ಲಾ ಇದ್ದರೆ ಇದು ಮೈಸೂರು ಎಂಬುದಕ್ಕೆ ಸಾಕ್ಷಿಯಾಗುತ್ತದೆಂದು ಅವರನ್ನು ಕಾರಿಡಾರಿಗೆ ಅಟ್ಟಿದರು. ಗೋಪಿನಾಥ ಉತ್ತರಗಳನ್ನೆಲ್ಲ ಮಗ್ಗಿಯ ರಾಗಕ್ಕೆ ಕೂರಿಸಿದ. ತ್ಯಾಗರಾಜರು ಕಣ್ಣು ಮುಚ್ಚಿ, ತೊಡೆ ತಟ್ಟಿಕೊಂಡು, ಅಗ್ರಹಾರದ ಪ್ರೈಮರಿ ಶಾಲೆಯ ಹುಡುಗನ ಹಾಗೆ ಒಪ್ಪಿಸಿದರು: ನೈಂಟೀನ್ ನೈಂಟಿಸಿಕ್ಸ್, ಸಮ್ಮರ್, ಜುಲೈ, ಮಂಡೇ, ಯುಎಸ್ಸೇ, ವರ್ಜೀನಿಯಾ, ಫೇರ್‌ಫ್ಯಾಕ್ಸ್, ಹಾಸ್ಪಿಟಲ್, ಥರ್ಡ್ ಫ್ಲೋರ್. ನೂರರಿಂದ ಏಳೇಳು ಕಳೆಯುವುದು: ತೊಂಬತ್ಮೂರು, ಎಂಬತ್ತಾರು, ಎಪ್ಪತ್ತೊಂಬತ್ತು. ನೆನಪಿಟ್ಟುಕೊಳ್ಳಬೇಕಾದ ಮೂರು ವಸ್ತು: ಆಪಲ್, ಟೇಬಲ್, ಪೆನ್ನಿ. ರಾಜಲಕ್ಷ್ಮಿ ಪ್ರತಿ ಇಪ್ಪತ್ತು ಸಲಕ್ಕೊಮ್ಮೆ ಬಿಸಿನೀರು ಕೊಟ್ಟಳು. ಇನ್ನೂರನೆಯ ಸಲಕ್ಕೆ ತಪ್ಪಿಲ್ಲದೆ ಬಂತು.

ಸೋಮವಾರ ವಿಮೆಯವರ ಕಡೆಯಿಂದ ಪ್ಯಾಟ್ ಎಂಬ ಹೆಂಗಸು ಬಂದಳು. ಅವಸರದವಳು, ಆವತ್ತು ಇನ್ನೂ ಐದು ಆಸ್ಪತ್ರೆ ತಿರುಗಬೇಕಿತ್ತು. ಇವರು ಪ್ರಶ್ನೆ ಮುಗಿಯುವ ಮುಂಚೆಯೇ ಉತ್ತರ ಹೇಳಿದ್ದರಿಂದ ಅವಳಿಗೆ ಬಹಳ ಅನುಕೂಲವಾಯಿತು. ಮೂವತ್ತಕ್ಕೆ ಇಪ್ಪತ್ತೊಂಬತ್ತು. ಕೈ ನಡುಗಿ ಚಿತ್ರ ಸೊಟ್ಟಗಾದದ್ದಕ್ಕೆ ಒಂದು ಹೋಯಿತು.

"ಆ ಒಂದು ಮಾರ್ಕ್ ಹೋಯ್ತಲ್ಲ ಆಂಟಿ!" ಎಂದು ಗೋಪಿನಾಥ ಹಣೆ ಚಚ್ಚಿಕೊಂಡ. ಪ್ಯಾಟ್ ತ್ಯಾಗರಾಜರ ಕೈ ಕುಲುಕಿ, ಅಭಿನಂದನೆ, ನಿಮಗೆ ರಿಹ್ಯಾಬಿನ ಅಗತ್ಯವೇ ಇಲ್ಲ, ನಾಳೆ ಮನೆಗೆ ಹೋಗಬಹುದು ಎಂದು ಬರೆದುಕೊಟ್ಟು ನಡೆದಳು.

ಎಲ್ಲರೂ ಚಪ್ಪಾಳೆ ತಟ್ಟಿದ ಮೇಲೆ ಮಾತು ನಿಧಾನವಾಗಿ ತಲೆಗಿಳಿಯಿತು. ಅಗತ್ಯವೇ ಇಲ್ಲ ಅಂದರೆ? ಹಫೀಜುಲ್ಲಾ ಕಾಗದ ಎರಡು ಸಲ ಓದಿದರು. "ಅಕ್ಕ... ಫೇಲಾಗಿದ್ರೆ ವಿಮೆಯೋರು ರಿಹ್ಯಾಬಿನ ಖರ್ಚು ಕೊಡ್ತಿದ್ರು. ಇದು ಫೇಲ್ ಆಗ್ಬೇಕಾಗಿದ್ದ ಪರೀಕ್ಷೆ."

ತ್ಯಾಗರಾಜರು ಮಾತ್ರ ಸಮಾಧಾನವಾಗಿದ್ದರು. "ಏನೇ ಇದು, ಮೈಸೂರಿನೋರ ಹತ್ರ ವರ್ಜೀನಿಯಾ ಅಂತ ಹೇಳಿಸ್ತಾರೆ? ಇರ್ಲಿ ಬಿಡು. ಸರ್ಕಾರಿ ಪ್ರಶ್ನೆಗೆ ಸರ್ಕಾರಿ ಉತ್ತರ" ಎಂದು ಮಗ್ಗುಲು ಬದಲಿಸಿದರು.

ಮನೆಗೆ ಕರೆತಂದರು. ತ್ಯಾಗರಾಜರು ತಮ್ಮ ರೆಸ್ಟನ್ನಿನ ಮನೆಯನ್ನು ಸುತ್ತಿ ನೋಡಿ, "ಎಷ್ಟು ಚೆನ್ನಾಗಿ ಕಾಪಿ ಹೊಡೆದಿದಾರೆ! ಗೋಡೆ ಮೇಲಿನ ಎಣ್ಣೆ ಕಲೆ ಸಮೇತ" ಎಂದು ಮೆಚ್ಚಿಕೊಂಡರು. ಮೈಸೂರಿನಲ್ಲಿ ತಮ್ಮ ಅಮೆರಿಕದ ಮನೆಯ ಪಡಿಯಚ್ಚನ್ನು ಕಟ್ಟಿದವರು ಯಾರು, ಯಾಕೆ ಎಂದು ಅವರು ಕೇಳಲಿಲ್ಲ. ಕಾಫಿ ಕೇಳಿದರು.

ಅವರು ಮನೆಗೆ ಬಂದರೆಂಬ ಸುದ್ದಿ ಹಬ್ಬಿ, ದಾರಿ ಕೇಳುವ ಫೋನುಗಳು ಮತ್ತೆ ಶುರುವಾದವು. ರಾಜಲಕ್ಷ್ಮಿ ಬಟ್ಟೆ ಒಗೆಯಲು ಕೆಳಗೆ ಹೋಗಿದ್ದಾಗ ರವಿಶಂಕರ್ ಎಂಬ ಹೊಸಬ ಲ್ಯಾನ್‌ಹ್ಯಾಮಿನ ಗುಡಿಗೆ ದಾರಿ ಕೇಳಿದ. ತ್ಯಾಗರಾಜರು ಹಳೆಯ ಗತ್ತಿನಲ್ಲೇ ಹೇಳಿದರು: ಟೋಲ್ ರೋಡ್ ಹಿಡಿದು ಬೆಲ್ಟ್‌ವೇಗೆ ಬನ್ನಿ, ಉತ್ತರಕ್ಕೆ ತಿರುಗಿ, ನದಿಯ ಸೇತುವೆ ದಾಟಿ, ಆಮೇಲೆ ಆಯುರ್ವೇದ ಆಸ್ಪತ್ರೆ ಸರ್ಕಲ್ಲಿನಲ್ಲಿ ಬಲಕ್ಕೆ. ರವಿಶಂಕರ್ ಬೆಂಗಳೂರಿನವನು, ಆ ಸರ್ಕಲ್ಲು ಮೈಸೂರಿನದೆಂದು ಅವನಿಗೆ ಗೊತ್ತಿಲ್ಲ. ಹಿರಿಯರು ಹೇಳಿದ್ದಾರೆ, ಇರಲೇಬೇಕು ಎಂದು ಹೆಂಡತಿ, ಮೂರು ತಿಂಗಳ ಮಗು, ಹೋಳಿಗೆ ಡಬ್ಬಿಗಳ ಸಮೇತ ಬೆಲ್ಟ್‌ವೇಯನ್ನು ಪೂರ್ತಿ ಎರಡು ಸುತ್ತು ಹಾಕಿದ. ನೂರ ಇಪ್ಪತ್ತೆಂಟು ಮೈಲಿ. ಸಂಜೆ ಫೋನು ಮಾಡಿ, "ಸಾರಿ ಅಂಕಲ್, ಸರ್ಕಲ್ ಮಿಸ್ ಮಾಡ್ಕೊಂಡ್ವಿ" ಎಂದು ಅವನೇ ಕ್ಷಮೆ ಕೇಳಿದ.

ಅದಕ್ಕೆ ನಗಬಹುದಿತ್ತು. ಮರುದಿನ ನಡೆದದ್ದಕ್ಕೆ ನಗಲಾಗಲಿಲ್ಲ. ರಾಜಲಕ್ಷ್ಮಿ ಸ್ನಾನಕ್ಕೆ ಹೋದಾಗ ತ್ಯಾಗರಾಜರು ಹಾಲು ತರಲು ಹೊರಟರು. ಚಪ್ಪಲಿ, ಪಂಚೆ, ಕೈಯಲ್ಲೊಂದು ಸ್ಟೀಲ್ ಕ್ಯಾನು. ರಾಜಲಕ್ಷ್ಮಿಯ ಫೋನು ಬಂದು ಹುಡುಕಲು ಹೊರಟ ಹಫೀಜುಲ್ಲಾಗೆ ಅವರು ಕಂಡದ್ದು ಅರ್ಧ ಮೈಲಿ ಆಚೆ, ಆರು ಲೇನಿನ ರಸ್ತೆಯ ನಡುವಿನ ಹುಲ್ಲಿನ ಪಟ್ಟಿಯ ಮೇಲೆ. ಎರಡೂ ಕಡೆ ಲಾರಿಗಳು ಗುಡುಗುತ್ತಿದ್ದವು. ಅವರು ಪಕ್ಕಕ್ಕೆ ವಾಲಿಕೊಂಡು, ಚಾಮುಂಡಿಪುರದ ಬಸ್ಸಿಗೆ ಕೈ ಅಡ್ಡ ಹಿಡಿದಿದ್ದರು.

ಹಫೀಜುಲ್ಲಾ ಮನೆಗೆ ತಂದು ಬಿಟ್ಟಾಗ ರಾಜಲಕ್ಷ್ಮಿಯ ಒದ್ದೆ ಕೂದಲಿನಿಂದ ಇನ್ನೂ ನೀರು ಇಳಿಯುತ್ತಿತ್ತು. ಅವಳು ಅಳಲಿಲ್ಲ. "ಅಣ್ಣ, ಡಾಕ್ಟರ್ ರಜೆ ಮುಗಿಸ್ಕೊಂಡು ಬಂದಿದಾರಾ?" ಎಂದಳು.

ಬಂದಿದ್ದರು. ಡಾಕ್ಟರ್ ಮೆನ್ಸಾ ಅವರ ಮೇಜಿನ ಮುಂದೆ ಹಫೀಜುಲ್ಲಾ ಬಾಯಿ ತೆರೆಯುವ ಮುಂಚೆ ರಾಜಲಕ್ಷ್ಮಿಯೇ ತನಗಿದ್ದ ಇಂಗ್ಲಿಷನ್ನೆಲ್ಲ ಒಟ್ಟುಮಾಡಿದಳು.

"ಡಾಕ್ಟರ್. ಮೈ ಹಸ್ಬೆಂಡ್ ಪಾಸ್. ಬಟ್ ವಿ ಕಾಪಿ. ಪ್ಲೀಸ್ ಫೇಲ್."

ಇಷ್ಟು ವರ್ಷದ ವೈದ್ಯಕೀಯದಲ್ಲಿ ಕಾಪಿ ಹೊಡೆದು ಆರೋಗ್ಯವಂತರಾದ ರೋಗಿಯನ್ನು ಆ ತಾಯಿ ಕಂಡಿರಲಿಲ್ಲ. ಮೊದಲು ನಕ್ಕರು. ರಸ್ತೆ ನಡುವಿನ ಹುಲ್ಲಿನ ಕತೆ ಕೇಳಿ ನಗು ನಿಲ್ಲಿಸಿದರು. ವಿಮೆಯವರಿಗೆ ಫೋನು ಮಾಡಿ, ವಾದಿಸಿ, ಇನ್ನೊಂದು ಪರೀಕ್ಷೆಗೆ ಗುರುವಾರ ಗೊತ್ತುಮಾಡಿದರು. ಇಪ್ಪತ್ನಾಲ್ಕಕ್ಕಿಂತ ಕಡಿಮೆ ಬರಬೇಕು. ಬರದಿದ್ದರೆ ಇನ್ನು ಕೇಳುವಂತಿಲ್ಲ.

ಗೋಪಿನಾಥ ಮತ್ತೆ ಡೈರಿ ಹಿಡಿದು ಬಂದ. "ಆಂಟಿ, ತಪ್ಪೆಲ್ಲ ನಂದು. ನಾನೇ ಸರಿಮಾಡ್ತೀನಿ. ಈ ಸಲ ಫೇಲ್ ಆಗೋಕೆ ಕೋಚಿಂಗ್."

ತ್ಯಾಗರಾಜರು ಸಿಡಿದೆದ್ದರು. "ಏನಯ್ಯ ನೀನು ಹೇಳ್ತಿರೋದು? ಎಸ್ಸೆಸ್ಸೆಲ್ಸೀಲಿ ಗಣಿತಕ್ಕೆ ತೊಂಬತ್ತೆಂಟು ತಗೊಂಡೋನು ನಾನು. ಬೇಕೂಂತ ತಪ್ಪು ಬರೀಲಾ?"

"ಒಂದೇ ಸಲ ಅಂಕಲ್. ವರ್ಜೀನಿಯಾ ಅನ್ಬೇಡಿ. ಮೈಸೂರು ಅನ್ನಿ. ನೀವು ದಿನಾ ಅನ್ನೋದು ಅದೇ ತಾನೇ?"

"ಮೈಸೂರು 'ಅನ್ನೋದು' ಏನು ಬಂತು? ಮೈಸೂರೇ ಇದು. ಆದ್ರೆ ಪೇಪರ್‌ನಲ್ಲಿ ವರ್ಜೀನಿಯಾ ಬರೆದ್ರೆ ಮಾರ್ಕ್ಸ್ ಕೊಡ್ತಾರೆ. ನೀನೇ ಹೇಳಿಕೊಟ್ಟಿದ್ದು!"

ಗೋಪಿನಾಥ ಡೈರಿಯ ಹಾಳೆ ಮಗುಚಿದ. ರಾಜಲಕ್ಷ್ಮಿ ಡೈರಿ ಕಿತ್ತುಕೊಂಡಳು. "ನಿನ್ನ ಟ್ಯುಟೋರಿಯಲ್ ಮುಚ್ಚಪ್ಪ. ಹೋಗಿ ಊಟ ಮಾಡು, ಹುಳಿ ಒಲೆ ಮೇಲಿದೆ."

ಗುರುವಾರ ಡಾಕ್ಟರ ಕೋಣೆಯಲ್ಲಿ ಪ್ಯಾಟ್ ಹಾಳೆ ಬಿಡಿಸಿದಳು. ಅವಳು ಬಾಯಿ ತೆರೆಯುತ್ತಲೇ ತ್ಯಾಗರಾಜರು ಮಗ್ಗಿ ಶುರುಮಾಡಿದರು. ಮಂಡೇ ಎಂದಾಗ ರಾಜಲಕ್ಷ್ಮಿಗೆ ಜೀವ ಬಂತು. ಆವತ್ತು ಗುರುವಾರ, ಒಂದು ಹೋಯಿತು. ಮೂರು ವಸ್ತು ಈ ಸಲ ಚೆಂಡು, ಬಾವುಟ, ಮರ. ತ್ಯಾಗರಾಜರು ನೆಮ್ಮದಿಯಿಂದ ಆಪಲ್, ಟೇಬಲ್, ಪೆನ್ನಿ ಎಂದರು. ಮತ್ತೆ ಮೂರು. ಚಿತ್ರದ್ದೊಂದು. ಹೆಂಡತಿಯಾದವಳು ಗಂಡನ ಒಂದೊಂದು ತಪ್ಪಿಗೂ ಸೆರಗಿನೊಳಗೆ ಬೆರಳು ಮಡಿಚುತ್ತ ಕೂತಿದ್ದಳು. ಐದೇ ಬೆರಳು ಮಡಿಚಿದ್ದು. ಇಪ್ಪತ್ತೈದು. ಪ್ಯಾಟ್ ಪೆನ್ನಿನ ಮುಚ್ಚಳ ಹಾಕಿ, ಕ್ಷಮಿಸಿ, ಪಾಸು ಎಂದಳು.

ರಾಜಲಕ್ಷ್ಮಿ ಎದ್ದು ನಿಂತಳು. "ಒನ್ ಕ್ವೆಶ್ಚನ್. ಮೈ ಕ್ವೆಶ್ಚನ್."

ಮನೆಯವರು ನಡುವೆ ಮಾತನಾಡುವ ಹಾಗಿಲ್ಲ ಎಂದು ಪ್ಯಾಟ್ ಹೇಳಿದಳು. ಪರೀಕ್ಷೆ ಮುಗಿದಿದೆಯಲ್ಲ, ಕೇಳಲಿ ಎಂದರು ಡಾಕ್ಟರ್ ಮೆನ್ಸಾ.

ರಾಜಲಕ್ಷ್ಮಿ ಗಂಡನ ಹತ್ತಿರ ಹೋಗಿ ಕನ್ನಡದಲ್ಲಿ, ಮನೆಯಲ್ಲಿ ಕೇಳುವ ಹಾಗೇ ಕೇಳಿದಳು. "ಪರೀಕ್ಷೆ ಮುಗೀತು ಕಣ್ರೀ. ಬನ್ನಿ, ಮನೆಗೆ ಹೋಗೋಣ. ಯಾವ ಕಡೆ ಹೋಗ್ಬೇಕು?"

ತ್ಯಾಗರಾಜರ ಭುಜ ಸಡಿಲವಾಯಿತು. ಪರೀಕ್ಷೆಯ ಮುಖ ಹೋಗಿ ದಾರಿ ಹೇಳುವ ಮುಖ ಬಂತು. "ಇಲ್ಲಿಂದ ಏನು ಮಹಾ ದೂರ? ಗೇಟಿಂದ ಆಚೆ ಬಂದ್ರೆ ಸಯ್ಯಾಜಿರಾವ್ ರಸ್ತೆ, ಮಾರ್ಕೆಟ್ ಪಕ್ಕದಲ್ಲಿ ನೇರ ಹೋಗಿ ಬಸ್ ಹತ್ತಿದ್ರೆ ಅಗ್ರಹಾರ. ಬಾ, ನನ್ನ ಹಿಂದೇನೇ ಬಾ" ಎನ್ನುತ್ತ ಎದ್ದು, ವಾಲುತ್ತ, ಕೋಣೆಗಿದ್ದ ಎರಡು ಬಾಗಿಲುಗಳಲ್ಲಿ ಒಂದನ್ನು ತೆರೆದು ಒಳಗೆ ನಡೆದರು. ಅದು ಕಸಪೊರಕೆ, ಬಕೆಟ್ಟುಗಳನ್ನಿಡುವ ಗೂಡು. ಅವರು ಅದರೊಳಗೆ ತಿರುಗಿ ನಿಂತು, ನೆಲ ಒರೆಸುವ ಕೋಲನ್ನು ಕಂಬದ ಹಾಗೆ ಗಟ್ಟಿಯಾಗಿ ಹಿಡಿದುಕೊಂಡರು.

"ಹತ್ತೇ ಲಕ್ಷ್ಮಿ, ಸೀಟಿದೆ. ಕಂಡಕ್ಟರ್ ಸೀಟಿ ಹೊಡೆಯೋಷ್ಟರಲ್ಲಿ ಹತ್ತು. ಈ ಅಮ್ಮಂಗೂ ಜಾಗ ಬಿಡು, ದಸರಾಗೆ ಬಂದಿರೋರು" ಎಂದು ಪ್ಯಾಟ್‌ಗೂ ಕೈಮಾಡಿ ಕರೆದರು.

ಹಫೀಜುಲ್ಲಾ ತಗ್ಗಿದ ದನಿಯಲ್ಲಿ ಎಲ್ಲವನ್ನೂ ಇಂಗ್ಲಿಷಿಗೆ ಇಳಿಸಿದರು. ಪ್ಯಾಟ್ ಗೂಡಿನ ಕಡೆಯೂ ತನ್ನ ಹಾಳೆಯ ಕಡೆಯೂ ನೋಡಿದಳು. ನನ್ನ ಹಾಳೆಯಲ್ಲಿ ಇದಕ್ಕೆ ಕಾಲಮ್ಮೇ ಇಲ್ಲವಲ್ಲ ಎಂದಳು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು, ಬರೆದಿದ್ದ ಅಂಕಿಯ ಮೇಲೆ ಅಡ್ಡಗೆರೆ ಎಳೆದಳು.

"ಏನಂತೆ?" ಎಂದರು ತ್ಯಾಗರಾಜರು ಗೂಡಿನೊಳಗಿಂದ.

ಸುಳ್ಳು ಹೇಳಲು ರಾಜಲಕ್ಷ್ಮಿಗೆ ನಾಲಿಗೆ ಬರಲಿಲ್ಲ. "ಫೇಲ್ ಅಂತೆ ರೀ."

ಅವರ ಕೈ ಕೋಲಿನಿಂದ ಜಾರಿತು. ಐವತ್ತೆರಡು ವರ್ಷದ ಮುಖ ಹುಡುಗನ ಮುಖದ ಹಾಗೆ ಮುದುಡಿತು. "ನೀನೇ ಮಾಡಿಸಿದ್ದಲ್ವಾ? ಕಟ್ಟಿಕೊಂಡ ಹೆಂಡ್ತಿ, ಗಂಡನ್ನ ಎಲ್ಲರ ಮುಂದೆ ಫೇಲ್ ಮಾಡಿಸಿದ್ಯಾ?"

"ಹೂಂ. ನಾನೇ ಮಾಡಿಸ್ದೆ" ಎಂದಳು ರಾಜಲಕ್ಷ್ಮಿ. "ನೀವು ಪಾಸಾದ್ರೆ ರಸ್ತೆ ಮಧ್ಯೆ ಸಾಯ್ತೀರಿ."

ಅದು ಅವರಿಗೆ ಎಷ್ಟು ತಿಳಿಯಿತೋ. ಎರಡು ದಿನ ಹೆಂಡತಿಯ ಜೊತೆ ಮಾತು ಬಿಟ್ಟರು. ಫೇಲಾದ ಖುಷಿಗೆ ಹಫೀಜುಲ್ಲಾರ ಹೆಂಡತಿ ಸಯೀದಾ ಮೈಸೂರುಪಾಕು ಮಾಡಿ ಕಳಿಸಿದಾಗ ಮಾತ್ರ, "ಇದೊಳ್ಳೆ ಊರು. ಫೇಲಾದೋರಿಗೆ ಸ್ವೀಟು" ಎಂದು ಗೊಣಗುತ್ತ ಮೂರು ತುಂಡು ತಿಂದರು.

ರಿಹ್ಯಾಬಿನಲ್ಲಿ ಕಲಿಸುವವಳು ಮೊದಲ ದಿನವೇ ರಾಜಲಕ್ಷ್ಮಿಗೆ ಒಂದು ಕಟ್ಟಪ್ಪಣೆ ಹಾಕಿದಳು: ಹೇಳಿಕೊಡಬಾರದು. ಊಟದ ಹಾಲಿನಿಂದ ತಮ್ಮ ಕೋಣೆಗೆ ಅವರೇ ಬರಬೇಕು, ನೀವು ಬಾಗಿಲಲ್ಲಿ ಕೂತು ಸುಮ್ಮನೆ ನೋಡಬೇಕು. ಜಗತ್ತಿನಲ್ಲಿ ಇಷ್ಟು ಕಷ್ಟದ ಕೆಲಸ ಇನ್ನೊಂದಿರಲಿಲ್ಲ. ತ್ಯಾಗರಾಜರು ಗೋಡೆ ಹಿಡಿದು ಅವಳ ಮುಂದೆಯೇ ಎರಡು ಸಲ ಹಾದುಹೋಗುವರು. ಯಾರದೋ ಕೋಣೆಗೆ ನುಗ್ಗಿ ಪಾರ್ಶ್ವವಾಯುವಾದ ಅಜ್ಜಿಯೊಬ್ಬಳ ಮಂಚದ ಮೇಲೆ ಕೂತು ಕನ್ನಡದಲ್ಲಿ ಕ್ಷೇಮ ವಿಚಾರಿಸುವರು. ಅಜ್ಜಿಯೂ ತನಗೆ ತೋಚಿದ್ದು ಹೇಳುವಳು. ರಾಜಲಕ್ಷ್ಮಿ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿರುವಳು.

ದಿನವೂ ಬೆಳಿಗ್ಗೆ ಕಲಿಸುವವಳು ಕೇಳುವ ಮೊದಲ ಪ್ರಶ್ನೆ, ನಾವೀಗ ಎಲ್ಲಿದ್ದೇವೆ ಎಂದು. ಮಗ್ಗಿ ಹೇಳಲು ಹೊರಟರೆ ಅವಳು ಕೈ ಎತ್ತಿ ನಿಲ್ಲಿಸಿ, ಕಿಟಕಿಯ ಹತ್ತಿರ ಕರೆದೊಯ್ದು ಅರ್ಧ ಗಂಟೆ ಹೊರಗೆ ನೋಡಿಸುವಳು. ಕಾರಿನ ನಂಬರ್ ಪ್ಲೇಟು, ಅಂಗಡಿಯ ಬೋರ್ಡು, ಹುಲ್ಲು ಕತ್ತರಿಸುವವನು. ಮೂರು ವಾರ ತ್ಯಾಗರಾಜರು ಎಲ್ಲವನ್ನೂ ನೋಡಿ, ಎಲ್ಲಕ್ಕೂ ಒಂದು ಕಾರಣ ಕೊಟ್ಟು, ಮೈಸೂರು ಎಂದರು.

ಇಪ್ಪತ್ತೆರಡನೆಯ ದಿನ ಅವರು ಕಿಟಕಿಯ ಬಳಿ ಬಹಳ ಹೊತ್ತು ನಿಂತರು. ಒಂದು ಹಳದಿ ಸ್ಕೂಲ್ ಬಸ್ಸು ಹೋಯಿತು. ಇನ್ನೊಂದು ಹೋಯಿತು. ಅವರ ಹುಬ್ಬು ಗಂಟಾಯಿತು.

"ಗೊತ್ತಿಲ್ಲ" ಎಂದರು. ಕಲಿಸುವವಳಿಗಾಗಿ ಇಂಗ್ಲಿಷಿನಲ್ಲೂ ಹೇಳಿದರು. "ಐ ಡೋಂಟ್ ನೋ."

ಹುಟ್ಟಿದಂದಿನಿಂದ ಯಾವ ಪರೀಕ್ಷೆಯಲ್ಲೂ ತ್ಯಾಗರಾಜರು ಹಾಗೆ ಬರೆದವರಲ್ಲ. ಕಲಿಸುವವಳು ಎದ್ದು ಜೋರಾಗಿ ಚಪ್ಪಾಳೆ ತಟ್ಟಿದಳು. ರಾಜಲಕ್ಷ್ಮಿಯ ಸೆರಗು ಬಾಯಿಂದ ಕೆಳಗೆ ಬಿತ್ತು.

"ಗೊತ್ತಿಲ್ಲ ಅಂದಿದ್ದಕ್ಕೆ ಏನು ಚಪ್ಪಾಳೆ?" ಎಂದು ತ್ಯಾಗರಾಜರು ಸಿಡುಕಿ, ಹೆಂಡತಿಯ ಕಡೆ ತಿರುಗಿದರು. "ನಿಂಗೆ ಗೊತ್ತೇನೇ? ಗೊತ್ತಿದ್ರೆ ಹೇಳು."

ರಾಜಲಕ್ಷ್ಮಿ ಕಲಿಸುವವಳ ಮುಖ ನೋಡಿದಳು. ಅವಳು ಹೂಂ ಎಂದು ತಲೆಯಾಡಿಸಿದಳು.

"ವರ್ಜೀನಿಯಾ ಕಣ್ರೀ. ಅಮೆರಿಕ."

ಅವರು ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ. ಕಿಟಕಿಯ ಗಾಜಿಗೆ ಕೈ ಒತ್ತಿ ನಿಂತರು.

"ಅಷ್ಟು ದೂರ ಯಾಕೆ ಬಂದ್ವಿ?"

ರಾಜಲಕ್ಷ್ಮಿ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡು, ಮೊದಲಿನಿಂದ ಹೇಳಲು ಕೂತಳು.